ಹರಿಯದ ಸೀಲು

ಇಡೀ ಬೀದಿಯ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಮಹಾಶಯ ನನ್ನ ಗಂಡ. ಮನೆಯ ವಾಷಿಂಗ್ ಮೆಷಿನ್ ನಿಂತಾಗ ಮಾತ್ರ ಒಂದು ವಾರ ‘ನಾಳೆ ನೋಡ್ತೀನಿ’ ಎಂದು ತಳ್ಳಿದರು. ಎಂಟನೇ ದಿನ, “ಬಿಚ್ಚಿ ನೋಡಿದೆ ಕಣೇ, ಡ್ರಮ್ಮಿನ ಬೇರಿಂಗೇ ಹೋಗಿದೆ. ಅದರ ಕಥೆ ಮುಗೀತು,” ಎಂದುಬಿಟ್ಟರು. ನಂಬಿದೆ, ನನ್ನ ಬುದ್ಧಿಗಿಷ್ಟು! ಹಾಸಿಗೆ ಹಿಡಿದ ಅತ್ತೆಯ ಚಾದರ ದಿನಕ್ಕೆರಡು ಸಲ ಒದ್ದೆಯಾಗುತ್ತಿತ್ತು. ಐದು ತಿಂಗಳು ಎಲ್ಲವನ್ನೂ ಕೈಯಲ್ಲೇ ಒಗೆದೆ. ಬೆರಳ ಸಂದುಗಳು ಒಡೆದು, ಸೋಪು ತಾಗಿದರೆ ಜೀವ ಹೋದಂತಾಗುತ್ತಿತ್ತು.

ಅತ್ತೆಯದು ಬೇರೆ ಹಟ. “ನೀರು ಸಾಲದೇ ಉರಿಮೂತ್ರ ಬರ್ತಿರೋದು. ಹೀಗೇ ಬಿಟ್ರೆ ಕಿಡ್ನಿಗೇ ಕುತ್ತು,” ಎಂದು ಡಾಕ್ಟರು ನನ್ನನ್ನು ಬೈದಿದ್ದರು. ಲೋಟ ಹಿಡಿದರೆ ಅತ್ತೆ ಎರಡು ಗುಟುಕಿಗೇ ಮುಖ ತಿರುಗಿಸುತ್ತಿದ್ದರು. “ಬಾಯಾರಿಕೆ ಇಲ್ಲಮ್ಮ.” ತುಟಿ ನೋಡಿದರೆ ಒಣಗಿ ಸಿಪ್ಪೆ ಏಳುತ್ತಿತ್ತು. ನಾನೂ ರೇಗುತ್ತಿದ್ದೆ.

ಇವತ್ತು ಬೆಳಿಗ್ಗೆ ಗಂಡನ ಅಪ್ಪಣೆಯಾಯಿತು. “ಆ ಮೆಷಿನ್ನಿನ ಮೋಟಾರು ಚೆನ್ನಾಗಿದೆ. ಚಾಕು ಸಾಣೆ ಹಿಡಿಯೋ ನಮ್ಮ ದೋಸ್ತನಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ. ನಂಗೆ ಪುರುಸೊತ್ತಿಲ್ಲ, ನೀನೇ ಕಳಚಿಡು.”

ಸಿಟ್ಟಿನಲ್ಲೇ ಸ್ಕ್ರೂಡ್ರೈವರ್ ತಂದು ಮೆಷಿನ್ನನ್ನು ಗೋಡೆಯಿಂದ ಈಚೆಗೆಳೆದೆ. ಹಿಂದಿನ ತಗಡಿನ ಸ್ಕ್ರೂ ಮೇಲೆ ಕಂಪನಿಯ ಕಾಗದದ ಸೀಲು. ಅದನ್ನು ಹರಿಯದೆ ತಗಡು ಬಿಚ್ಚಲು ಬರುವುದಿಲ್ಲ. ಸೀಲಿನ ಮೇಲೆ ಒಂದು ಗೀರೂ ಇರಲಿಲ್ಲ. ಈ ಮನುಷ್ಯ ಬಿಚ್ಚೇ ಇರಲಿಲ್ಲ!

ಸೀಲು ಕಿತ್ತು ತಗಡು ತೆಗೆದೆ. ಬೆಲ್ಟು ಕಳಚಿ ಕೆಳಗೆ ಬಿದ್ದಿತ್ತು. ಹರಿದೂ ಇರಲಿಲ್ಲ. ಡ್ರಮ್ಮು ತಿರುಗಿಸಿದರೆ ಸದ್ದಿಲ್ಲದೆ ತಿರುಗಿತು. ಬೇರಿಂಗಂತೆ, ಬೇರಿಂಗು! ಬೆಲ್ಟನ್ನು ಮೊದಲು ಮೋಟಾರಿಗೆ, ಆಮೇಲೆ ಡ್ರಮ್ಮಿನ ದೊಡ್ಡ ಚಕ್ರಕ್ಕೆ ಎಳೆದು ಕೂರಿಸಲು ಹತ್ತು ನಿಮಿಷ ಹಿಡಿಯಿತು. ಐದು ತಿಂಗಳ ನರಕಕ್ಕೆ ಹತ್ತೇ ನಿಮಿಷದ ಕೆಲಸ.

ಮಧ್ಯಾಹ್ನ ಆ ಸಾಣೆಯ ಗೆಳೆಯನ ಜೊತೆ ಬಂದ ಗಂಡ ಬಾಗಿಲಲ್ಲೇ ನಿಂತರು. ಮೆಷಿನ್ ಗಡಗಡ ಓಡುತ್ತಿತ್ತು.

“ಮೋಟಾರು ಎಲ್ಲೇ?”

“ಓಡ್ತಾ ಇದೆಯಲ್ಲ, ಕಿವಿ ಕೇಳಿಸಲ್ವಾ? ಬಿಚ್ಚಿ ನೋಡಿದೆ ಅಂದ್ರಲ್ಲ, ಇವತ್ತು ನಾನು ಕಿತ್ತ ಈ ಸೀಲನ್ನ ಆವತ್ತು ವಾಪಸ್ ಯಾರು ಅಂಟಿಸಿದ್ರು? ನಿಮ್ಮ ತಾತನಾ?”

ಸಾಣೆಯವನು ಮೆಲ್ಲಗೆ ಚಪ್ಪಲಿ ಹಾಕಿಕೊಂಡು ಜಾಗ ಖಾಲಿ ಮಾಡಿದ.

“ಹೋಗ್ಲಿ ಬಿಡೇ,” ಎಂದರು ಗಂಡ. “ಈಗ ಸರಿ ಹೋಯ್ತಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಅತ್ತೆಯ ದನಿ ಬಂತು.

“ಅದು ನಮ್ಮ ಮೆಷಿನ್ ಸದ್ದೇನಮ್ಮಾ?”

“ಹೌದತ್ತೆ.”

“ಇನ್ನು ಚಾದರ ನೀನು ಕೈಯಲ್ಲಿ ಒಗೀಬೇಕಾಗಿಲ್ಲ ತಾನೇ?”

“ಇಲ್ಲ ಅತ್ತೆ.”

“ಹಾಗಾದ್ರೆ ಒಂದು ಲೋಟ ನೀರು ಕೊಡು. ತುಂಬಾ ಕೊಡು.”

ಗಂಡನನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಲೋಟ ತುಂಬಿಸಿ ಗಂಡನ ಕೈಗೆ ಕೊಟ್ಟೆ.

“ಹೋಗಿ, ನೀವೇ ಕುಡಿಸಿ. ಐದು ತಿಂಗಳಿಂದ ಬಾಯಾರಿ ಮಲಗಿರೋದು ನಿಮ್ಮಮ್ಮ.”