ಮಿಕ್ಕ ವಿಷಯ ಮುಖತಃ

"ಮಿಕ್ಕಿದ್ದು ಎಲ್ಲಿ?" ಎಂದು ತಪಾಸಣೆಯ ಅಧಿಕಾರಿ ಕೇಳಿದ.

ನಮ್ಮ ಗ್ರಂಥಾಲಯದ ಹಿಂಬದಿಯಲ್ಲಿ ಹಳೆಯ ಕಾಗದಗಳ ಕೋಣೆಯಿದೆ. ಜನ ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳು. ಬರೆದವರೂ ಓದಿದವರೂ ಮಣ್ಣಾಗಿ ಹೋಗಿದ್ದಾರೆ. ಅವುಗಳ ಧೂಳು ಹೊಡೆಯುವುದು, ಹರಿದ ಕಡೆ ತೆಳು ಕಾಗದ ಅಂಟಿಸುವುದು, ಹುಳ ಬೀಳದಂತೆ ಕಾಯುವುದು ನನ್ನ ಕೆಲಸ. ಬೇರೆ ಕಡೆಯೂ ಕೆಲಸಕ್ಕೆ ಸೇರಿದ್ದೆ. ಹೋದಲ್ಲೆಲ್ಲ ಜಗಳ ಮಾಡಿಕೊಂಡು ಹೊರಬಿದ್ದೆ. ಸತ್ತವರ ಜೊತೆ ಜಗಳ ಆಗುವುದಿಲ್ಲ ಎಂದು ಇಲ್ಲಿ ಉಳಿದುಕೊಂಡವನು ನಾನು.

ಅಧಿಕಾರಿ ಬಡಕಲು ಮನುಷ್ಯ. ಪೆಟ್ಟಿಗೆಯಿಂದ ಒಂದೊಂದೇ ಕಾಗದ ತೆಗೆದು ಪಟ್ಟಿಯೊಂದಿಗೆ ತಾಳೆ ನೋಡುತ್ತಾ ಬಂದವನು ಒಂದು ಕಾಗದದ ಹತ್ತಿರ ನಿಂತುಬಿಟ್ಟ. ಯಾವುದೋ ಕಾಲದ ಮೈದುನನೊಬ್ಬ ತನ್ನ ಭಾವನಿಗೆ ಬರೆದದ್ದು. ಅದರಲ್ಲಿದ್ದದ್ದು ಇಷ್ಟೇ: "ಇಲ್ಲಿ ನಾವೆಲ್ಲ ಕ್ಷೇಮ. ನೀವು ಕಳಿಸಿದ ಕುರ್ಚಿ ಬಂದು ಸೇರಿತು. ಅದರ ಒಂದು ಕಾಲು ಗಿಡ್ಡ. ಈ ಬಗ್ಗೆ ನಾನು ಹೇಳಬೇಕಾದದ್ದು ಬಹಳ ಇದೆ. ಮಿಕ್ಕ ವಿಷಯ ಮುಖತಃ."

"ಇಷ್ಟೇ ಸಾರ್," ಎಂದೆ. "ಮಿಕ್ಕಿದ್ದು ಮುಖತಃ ಅಂತ ಬರೆದಿದಾರಲ್ಲ."

"ನಾನೂ ಅದನ್ನೇ ಕೇಳ್ತಿರೋದು. ಬಹಳ ಇದೆ ಅಂತ ಬರೆದಿದಾರೆ. ಇಲ್ಲಿರೋದು ಸ್ವಲ್ಪ. ಬಹಳ ಇದ್ದದ್ದು ಎಲ್ಲಿ ಹೋಯ್ತು?"

"ಅದು ಬಾಯಲ್ಲಿ ಹೇಳೋದು ಸಾರ್."

"ಯಾರ ಬಾಯಲ್ಲಿ?"

"ಬರೆದವನ ಬಾಯಲ್ಲಿ."

"ಆ ಬಾಯಿ ಯಾವ ಕಪಾಟಲ್ಲಿದೆ?"

ತಮಾಷೆ ಎಂದುಕೊಂಡು ನಾನು ನಕ್ಕೆ. ಅವನು ನಗಲಿಲ್ಲ. ಪಟ್ಟಿಯನ್ನು ನನ್ನ ಮೂಗಿನ ಹತ್ತಿರ ಹಿಡಿದ. ಹಿಂದೆ ಯಾರೋ ಪುಣ್ಯಾತ್ಮ ಆ ಕಾಗದದ ಮುಂದೆ ದುಂಡಗೆ ಬರೆದಿಟ್ಟಿದ್ದ: "ಮಿಕ್ಕ ಭಾಗ: ಮುಖತಃ ಇದೆ."

"ಇದೆ ಅಂತ ಪಟ್ಟಿ ಹೇಳ್ತಿದೆ. ಇಲ್ಲ ಅಂತ ನೀವು ಹೇಳ್ತಿದೀರಿ. ಅಂದ್ರೆ ಕಳೆದಿರೋದು ನಿಮ್ಮ ಕೈಯಲ್ಲಿ."

ನನ್ನ ಪಿತ್ತ ನೆತ್ತಿಗೇರಿತು. ಕಾಗದ ತಿಂದ ಹುಳವನ್ನು ಹಿಡಿದು ತೋರಿಸಬಲ್ಲೆ, ಸತ್ತವನ ಬಾಯಿಯನ್ನು ಎಲ್ಲಿಂದ ತರಲಿ ಎಂದು ಕೂಗಾಡಿದೆ. ನನ್ನ ಗಲಾಟೆಗೆ ಗ್ರಂಥಪಾಲಕಿ ಮೇಡಂ ಓಡಿ ಬಂದರು. ಜೀವಮಾನವೆಲ್ಲ ಪಿಸುಗುಟ್ಟಿ ಪಿಸುಗುಟ್ಟಿ ಅವರಿಗೆ ಈಗ ಗಂಟಲೇ ಇಲ್ಲ. ಬೀದಿಯಲ್ಲಿ ಬಸ್ಸು ನಿಲ್ಲಿಸಬೇಕಾದರೂ ಪಿಸುಗುಟ್ಟುತ್ತಾರೆ, ಬಸ್ಸು ಹೋಗಿಬಿಡುತ್ತದೆ.

"ನಿಯಮ ಅವರ ಕಡೆ ಇದೆ," ಎಂದು ಮೇಡಂ ಪಿಸುಗುಟ್ಟಿದರು. "ಇದೆ ಅಂತ ನಾವೇ ಬರೆದ ಮೇಲೆ ತೋರಿಸಬೇಕಲ್ವಾ?"

"ಸೋಮವಾರ ಬರ್ತೀನಿ," ಎಂದ ಅಧಿಕಾರಿ. "ಮಿಕ್ಕಿದ್ದನ್ನ ಮುಖದ ಸಮೇತ ತೋರಿಸಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ಕೋಣೆ ಬೀಗದಕೈ ಕೊಟ್ಟು ಮನೆಗೆ ನಡೀರಿ."

ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಸೋದರತ್ತೆ. ನನ್ನನ್ನು ಸಾಕಿದವಳು ಅವಳೇ. ಬಾಯಿ ಅಂದರೆ ಬಾಯಿ. ಒಮ್ಮೆ ಹೊಲಿಗೆ ಬಿಟ್ಟ ಚೀಲ ಮಾರಿದ ಅಂಗಡಿಯವನಿಗೆ ಅವಳು ಬುದ್ಧಿ ಹೇಳಿದ ಮೇಲೆ ಅವನು ಅಂಗಡಿಯನ್ನೇ ಬೇರೆ ಬೀದಿಗೆ ಹೊತ್ತುಕೊಂಡು ಹೋದ. ನಡೆದದ್ದನ್ನು ಅವಳಿಗೆ ಹೇಳಿದೆ.

"ಕುರ್ಚಿ ಕಾಲು ಗಿಡ್ಡ ಇದ್ರೆ ಏನು ಹೇಳ್ಬೇಕು ಅಂತ ಕಾಗದದಲ್ಲಿ ನೋಡ್ಬೇಕಾ?" ಎಂದಳು. "ಅದೇನು ದೊಡ್ಡ ವಿದ್ಯೆನಾ? ನಾನು ಬರ್ತೀನಿ ನಡಿ. ನಂದೂ ಒಂದು ಮುಖನೇ ತಾನೇ."

ಸೋಮವಾರ ಅವಳನ್ನು ಕರೆದುಕೊಂಡು ಹೋದೆ. ಅಧಿಕಾರಿ ಅತ್ತೆಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಮುಖ ನೋಡಿದ.

"ಇದು ಆ ಕಾಲದ್ದೇನಾ?"

"ಹಳೇದೇ ಸಾರ್," ಎಂದೆ.

"ನಿಮ್ಮಜ್ಜಿನ ಕೇಳು, ಹೇಳ್ತಾಳೆ," ಎಂದಳು ಅತ್ತೆ.

ಅವನು ತಲೆಯಾಡಿಸಿ ಅದನ್ನೂ ಬರೆದುಕೊಂಡ. ಮೇಡಂ ಬಿಳಿ ಕೈಗವಸು ಹಾಕಿಕೊಂಡು ಬಂದು, ಅತ್ತೆಯ ಮೊಣಕೈಯನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿಲು ಬೀಳದ ಕಡೆ ಕೂರಿಸಿದರು. ಹಳೆಯ ಕಾಗದ ಹಿಡಿದು ಹಿಡಿದು ಅವರಿಗೆ ಅದು ಕೈಯ ಅಭ್ಯಾಸ.

"ಸರಿ, ಹೇಳಿ," ಎಂದ ಅಧಿಕಾರಿ.

"ಯಾರಿಗೆ ಹೇಳ್ಲಿ, ಗೋಡೆಗಾ? ಭಾವ ಎಲ್ಲಿ?"

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಮುಖತಃ ಎಂದ ಮೇಲೆ ಹೇಳುವುದಕ್ಕೊಂದು ಮುಖ, ಕೇಳುವುದಕ್ಕೊಂದು ಮುಖ ಬೇಕೇ ಬೇಕು. ಮೇಡಂ ನಿಯಮದ ಪುಸ್ತಕ ತಿರುವಿಹಾಕಿದರು. ನಾನು ಕಾವಲಿನವನು, ನಾನು ಆಗುವಂತಿಲ್ಲ. ಅವರು ಮುಖ್ಯಸ್ಥೆ, ಅವರೂ ಆಗುವಂತಿಲ್ಲ. ಉಳಿದವನು ಅಧಿಕಾರಿ. ಅವನು ಬೇಸರದಿಂದಲೇ ಅತ್ತೆಯ ಎದುರಿಗೆ ಕೂತು ಪೆನ್ಸಿಲ್ ತೆಗೆದ.

ಅತ್ತೆ ಸೆರಗು ಸರಿಮಾಡಿಕೊಂಡಳು.

"ಏನಪ್ಪಾ ಭಾವ, ನಮ್ಮ ಮನೆ ಹೆಣ್ಣು ಕೊಟ್ಟಾಗ ಅವಳ ಕಾಲು ಎರಡೂ ಸಮ ಇತ್ತೋ ಇಲ್ವೋ? ನೋಡಿ ತಾನೇ ಕರ್ಕೊಂಡು ಹೋಗಿದ್ದು? ನೀನು ಕಳಿಸಿದ್ದಕ್ಕೆ ಮಾತ್ರ ನಾಲ್ಕರಲ್ಲಿ ಮೂರೇ ನೆಲಕ್ಕೆ ತಾಗ್ತದೆ. ಕೂತ್ರೆ ಆ ಕಡೆ ವಾಲ್ತದೆ, ಕೆಮ್ಮಿದ್ರೆ ಈ ಕಡೆ ವಾಲ್ತದೆ. ಕುರ್ಚಿ ಕಳಿಸಿದ್ಯೋ ತೊಟ್ಟಿಲು ಕಳಿಸಿದ್ಯೋ?"

ಮೊದಮೊದಲು ಅವನು ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದ. ಮೈದುನರಿಗೆ ಮುರುಕಲು ಕೊಟ್ಟು ಊರಿಗೆಲ್ಲ ದಾನಶೂರನಂತೆ ಮೆರೆಯುವ ಜಾತಿ ಎಂದು ಅತ್ತೆ ಅಂದಾಗ ಪೆನ್ಸಿಲ್ ನಿಂತಿತು. ಅವನ ಕಿವಿ ಕೆಂಪಾಯಿತು.

"ಸ್ವಲ್ಪ ತಾಳಿ," ಎಂದ. "ನಮ್ಮ ಮನೆಯಿಂದ ಹೊರಟಾಗ ಕುರ್ಚಿ ಸರಿಯಾಗೇ ಇತ್ತು."

"ಯಾರ ಮನೆಯಿಂದ ಸಾರ್?" ಎಂದು ನಾನು ಕೇಳಿದೆ. ನನ್ನ ಮಾತು ಯಾರಿಗೂ ಬೇಕಾಗಿರಲಿಲ್ಲ.

"ಗಾಡಿಯವನು ಎತ್ತಿಹಾಕಿರ್ಬೇಕು," ಎಂದ ಅವನು.

"ಎತ್ತಿಹಾಕಿದ್ರೆ ಕಾಲು ಮುರೀತದೆ ಭಾವ, ಗಿಡ್ಡ ಆಗಲ್ಲ. ಗಾಡಿಯವನ ಮೇಲೆ ಯಾಕೆ ಹಾಕ್ತೀಯ? ಅವನು ಬಡವ, ಎದುರು ಮಾತಾಡಲ್ಲ ಅಂತನಾ?"

"ಕುರ್ಚಿ ಕೊಟ್ಟವರಿಗೆ ಒಂದು ಒಳ್ಳೇ ಮಾತು ಇಲ್ಲ. ನೀವೇ ಕೆರೆದು ಕೆರೆದು ಸವೆಸಿರ್ತೀರಿ."

"ಹೌದಪ್ಪ, ನಾವು ಇಲಿಗಳು. ರಾತ್ರಿಯೆಲ್ಲ ಕೂತು ನಿನ್ನ ಕುರ್ಚಿ ಕಾಲು ತಿಂದ್ವಿ."

ಮಧ್ಯಾಹ್ನದ ಹೊತ್ತಿಗೆ ಓದುವ ಕೋಣೆಯವರೆಲ್ಲ ಬಾಗಿಲಲ್ಲಿ ಗುಂಪು ಕಟ್ಟಿದ್ದರು. ದಿನಾ ಪತ್ರಿಕೆ ಮುಖಕ್ಕೆ ಹೊದ್ದು ಮಲಗುವ ನಿವೃತ್ತರು ಎರಡು ಪಕ್ಷವಾಗಿದ್ದರು. ಒಬ್ಬ ಬಡಗಿ, ಹಸಿ ಮರವಾದರೆ ಒಣಗಿದ ಮೇಲೆ ಒಂದು ಕಾಲು ಕುಗ್ಗುವುದುಂಟು ಎಂದು ಬಾಯಿ ಹಾಕಿ ಎರಡೂ ಪಕ್ಷದವರಿಂದ ಬೈಸಿಕೊಂಡ.

ಸಾಯಂಕಾಲ ಅಧಿಕಾರಿ ಎದ್ದು ನಿಂತ. ಅವನ ಗಂಟಲು ಬಿದ್ದುಹೋಗಿತ್ತು.

"ಮಿಕ್ಕ ವಿಷಯ ಪೂರ್ತಿ ಇದೆ. ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಇವರು ಒಂದು ಮಾತು ಒಪ್ಕೋಬೇಕು. ಕುರ್ಚಿ ಸರಿಯಾಗಿತ್ತು ಅಂತ ಹೇಳ್ಲಿ, ಈಗಲೇ ಸಹಿ ಹಾಕ್ತೀನಿ. ಇದು ನಮ್ಮ ಮನೆತನದ ಮರ್ಯಾದೆ."

ನಾನು ಮೇಡಂ ಮುಖ ನೋಡಿದೆ. "ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ," ಎಂದು ಅವರು ಪಿಸುಗುಟ್ಟಿದರು.

ಅತ್ತೆಯನ್ನು ಕಪಾಟುಗಳ ಸಂದಿಗೆ ಕರೆದುಕೊಂಡು ಹೋದೆ.

"ಹೇಳಿಬಿಡು ಅತ್ತೆ."

"ಸುಳ್ಳು ಹೇಳ್ಲಾ?"

"ಸುಳ್ಳೋ ನಿಜವೋ ನಿನಗೇನು ಗೊತ್ತು? ಆ ಕುರ್ಚಿ ನೀನು ನೋಡೇ ಇಲ್ಲ."

"ನೋಡ್ಬೇಕಾಗಿಲ್ಲ. ಭಾವ ಕೊಟ್ಟ ವಸ್ತು ಸರಿ ಇಲ್ಲ ಅಂತ ಬರೆಯೋಕೆ ಆ ಮೈದುನನಿಗೆ ಎಷ್ಟು ಸಂಕಟ ಆಗಿರ್ಬೇಡ. ಅಷ್ಟು ಬರೆದು, ಮುಂದೆ ಬರೆಯೋಕಾಗ್ದೇ ನಿಲ್ಲಿಸಿದಾನೆ. ಅವನ ಮಾತನ್ನ ನಾನು ಅಳಿಸ್ಲಾ?"

"ಕೆಲಸ ಹೋಗ್ತದೆ ಅತ್ತೆ."

ಅವಳು ನನ್ನನ್ನೇ ನೋಡಿದಳು. "ಬೇರೆ ಎಲ್ಲೂ ನೀನು ನಿಲ್ಲಲ್ಲ, ಅಲ್ವಾ?"

"ನಿಲ್ಲಲ್ಲ."

ಅವಳು ಹೋಗಿ ಅವನ ಎದುರಿಗೆ ಕೂತಳು. ಮೇಡಂ ಅವಳ ಬೆನ್ನಿಗೆ ಬೆಳಕು ಬೀಳದಂತೆ ಪರದೆ ಎಳೆದರು.

"ಕುರ್ಚಿ ಸರಿಯಾಗಿತ್ತು," ಎಂದಳು ಅತ್ತೆ. "ನಮಗೇ ಕೂರೋಕೆ ಬರ್ಲಿಲ್ಲ."

ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮೇಷ್ಟರಿಗೆ ಎದುರು ಮಾತಾಡಿದ್ದಕ್ಕೆ ನನ್ನನ್ನು ಶಾಲೆಯಿಂದ ಹೊರಗೆ ಹಾಕಿದಾಗ, ಅವರ ಮನೆಯ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಹೊರಗೆ ಬರುವಂತೆ ಕೂಗಿ, ನನ್ನನ್ನು ಮತ್ತೆ ಸೇರಿಸಿದ ಗಂಟಲು ಅದು. ಈಗ ಮೇಡಂ ಪಿಸುಮಾತೇ ಅದಕ್ಕಿಂತ ಜೋರಾಗಿತ್ತು.

ಅಧಿಕಾರಿಯ ಮುಖ ಅರಳಿತು. ಪೆನ್ನಿನ ಮುಚ್ಚಳ ತೆಗೆದ.

"ದೊಡ್ಡ ಮನಸ್ಸು ಮಾಡಿದ್ರಿ. ತಪ್ಪೇನಿಲ್ಲ ಬಿಡಿ, ನಿಮ್ಮ ಕಡೆಯವರಿಗೆ ಕುರ್ಚಿ ಮೇಲೆ ಕೂತು ಅಭ್ಯಾಸ ಇರ್ಲಿಲ್ಲ ಅನ್ಸುತ್ತೆ."

ಪೆನ್ನಿನ ಮೊನೆ ಕಾಗದಕ್ಕೆ ತಾಗಿತ್ತು. ಸಹಿಯ ಮೊದಲ ಅಕ್ಷರದ ತಲೆಕಟ್ಟೂ ಮೂಡಿತ್ತು. ನಾನು ಆ ಹಾಳೆಯನ್ನು ಅವನ ಕೈಯಡಿಯಿಂದ ಎಳೆದುಕೊಂಡೆ.

"ಕಾಲು ಗಿಡ್ಡ ಇತ್ತು ಕಣಯ್ಯಾ," ಎಂದೆ. "ಹೊರಟಾಗಲೇ ಗಿಡ್ಡ ಇತ್ತು. ಅದನ್ನ ನೋಡಿಯೂ, ಗೊತ್ತಿದ್ದೂ ಕಳಿಸಿದ್ದೀಯ. ನಮ್ಮ ಕಡೆಯವರಿಗೆ ಕೂರೋದು ಹೇಳಿಕೊಡ್ತೀಯಾ ನೀನು?"

ನನ್ನ ಕೂಗಿಗೆ ಕಪಾಟಿನ ಮೇಲಿನ ಧೂಳು ಉದುರಿತು. ಮೇಡಂ ತುಟಿಯ ಮೇಲೆ ಬೆರಳಿಟ್ಟುಕೊಂಡು, "ಸ್ವಲ್ಪ ಮೆಲ್ಲಗೆ," ಎಂದರು. ನಾನು ಬೀಗದಕೈ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಅಧಿಕಾರಿ ಹೊಸ ಹಾಳೆ ತೆಗೆದುಕೊಂಡು, ಮಿಕ್ಕ ಭಾಗ ಕಳೆದುಹೋಗಿದೆ ಎಂದು ಬರೆಯತೊಡಗಿದ.

ಮೆಟ್ಟಿಲು ಇಳಿದು ಬೀದಿಗೆ ಬಂದೆವು.

"ಇನ್ನೊಂದು ಗಳಿಗೆ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತೋ ನಿಂಗೆ?" ಎಂದಳು ಅತ್ತೆ. "ನಾನು ಹೇಳಿದ್ದು ಯಾರಿಗೋಸ್ಕರ?"

"ಗೊತ್ತು."

"ಗೊತ್ತಿದ್ದೂ ಕೆಡಿಸಿದ್ಯಲ್ಲೋ ಮುಠ್ಠಾಳ."

"ಆ ಮಾತು ನಿನ್ನ ಬಾಯಲ್ಲಿ ಚೆನ್ನಾಗಿರ್ಲಿಲ್ಲ."

ಅವಳು ತನ್ನ ಚೀಲವನ್ನು ನನ್ನ ಕೈಗೆ ತುರುಕಿ ತಿರುವಿನವರೆಗೆ ನಡೆದಳು. ಅಲ್ಲಿಂದ ಅವಳ ಬೈಗುಳ ಮತ್ತೆ ಶುರುವಾಯಿತು. ಮೊದಲು ಅಧಿಕಾರಿ, ಆಮೇಲೆ ಅವನನ್ನು ಹೆತ್ತವರು, ಆಮೇಲೆ ನಾನು. ದನಿ ಒಂದೊಂದೇ ಮೆಟ್ಟಿಲು ಏರುತ್ತಾ ಹೋಗಿ ತನ್ನ ಜಾಗಕ್ಕೆ ಬಂದು ನಿಂತಿತು. ಎದುರಿಗೆ ಬರುತ್ತಿದ್ದ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳ ಚೀಲ ಹಿಡಿದುಕೊಂಡು ನಾನು ಹಿಂದೆ ನಡೆದೆ.