ಸೊಟ್ಟ ಪೆಟ್ಟಿಗೆ, ದಪ್ಪ ಗಿಣಿ

ಹಲಗೆಗೆ ದಪ್ಪ ಇರುತ್ತದೆ ಅನ್ನುವುದು ಯಾರಿಗೆ ತಾನೆ ಗೊತ್ತಿಲ್ಲ? ಮಂಜುಳಾಗೂ ಗೊತ್ತಿತ್ತು. ಆದರೆ ಮಾನ್ವಿ ಪಟ್ಟಣದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಊರ ಹೆಂಗಸರ ಬ್ಲೌಸ್ ಹೊಲಿಯುತ್ತಲೇ ಅರ್ಧ ಆಯುಷ್ಯ ಕಳೆದವಳು ಅವಳು. ಟೇಪು ಹಿಡಿದಳೆಂದರೆ ಉದ್ದ, ಅಗಲ ಎರಡೇ ಕಾಣುವ ಕಣ್ಣು. ಬಟ್ಟೆಯ ದಪ್ಪವನ್ನು ಯಾರು ಅಳೆಯುತ್ತಾರೆ? ಹಾಗಾಗಿ ರಾಯಚೂರಿನಿಂದ ತಂದ ಸಣ್ಣ ಪ್ರೊಜೆಕ್ಟರಿಗೊಂದು ಪೆಟ್ಟಿಗೆ ಮಾಡಲು ಅದರ ಅಳತೆಯನ್ನು ಮೈಗೆ ಹತ್ತಿ ಕೂರುವಂತೆ ತೆಗೆದು, ಅಷ್ಟಕ್ಕೇ ಹಲಗೆ ಕೊಯ್ದು, ಮೊಳೆ ಬಡಿದು, ಸೆರಗಿನಲ್ಲಿ ಬೆವರು ಒರೆಸಿಕೊಂಡು ಪ್ರೊಜೆಕ್ಟರನ್ನು ಒಳಗಿಡಲು ಹೋದರೆ ಪೆಟ್ಟಿಗೆಯ ಬಾಯಲ್ಲೇ ಸಿಕ್ಕಿಕೊಂಡು ನಿಂತುಬಿಟ್ಟಿತು. ಎರಡು ಪಕ್ಕದ ಹಲಗೆಗಳ ದಪ್ಪ ಒಳಗಿನ ಜಾಗವನ್ನು ನುಂಗಿ ಕೂತಿತ್ತು.

ರೈಸ್ ಮಿಲ್ಲಿನಿಂದ ಊಟಕ್ಕೆ ಬಂದ ಗಂಡ ಜಗದೀಶ ಬಾಗಿಲಲ್ಲೇ ನಿಂತು ನೋಡಿದ.

"ಏನಾತು, ಬ್ಲೌಸ್ ಬಿಗಿ ಆತೇನು?"

"ಸುಮ್ಕ ಉಣ್ರಿ."

"ಬಿಚ್ಚಿ ಜರ ಸಡ್ಲ ಮಾಡು ಮತ್ತ. ಮಂದೀಗೆಲ್ಲಾ ಮಾಡಿಕೊಡ್ತೀಯಲ್ಲ."

"ಸಡ್ಲ ಮಾಡಾಕ ಕಟ್ಟಿಗ್ಯಾಗ ಒಳಗ ಮಡಚಿ ಇಟ್ಟಿರ್ತಾರೇನು? ಕೊಯ್ದರ ಹೋತು ಅದು."

ಇದೇ ಅವಳ ಸಿಟ್ಟು. ಬಟ್ಟೆ ಎಷ್ಟೋ ತಪ್ಪನ್ನು ಕ್ಷಮಿಸುತ್ತದೆ. ಕತ್ತರಿ ಒಂದು ಬೆರಳು ಆಚೀಚೆ ಹೋದರೂ ಎಳೆದು, ಮಡಚಿ, ಒಂದು ಲೇಸು ಹಚ್ಚಿ ಗಿರಾಕಿಗೆ ಗೊತ್ತಾಗದಂತೆ ಮಾಡಬಹುದು. ಕಟ್ಟಿಗೆಗೆ ಅಂಥ ದೊಡ್ಡ ಮನಸ್ಸಿಲ್ಲ.

ಅವಳಿಗೆ ಈ ಉಸಾಬರಿ ಬಂದದ್ದೇ ಹೀರಾಬಿಯಿಂದ. ಹೀರಾಬಿ ಪಕ್ಕದ ಓಣಿಯವಳು, ಮಂಜುಳಾಳ ತಾಯಿಯ ವಯಸ್ಸಿನವಳು. ಮಂಜುಳಾ ಅವಳನ್ನು ಚಿಕ್ಕಮ್ಮ ಅನ್ನುವಂತೆ ಖಾಲಾ ಅಂತಲೇ ಕರೆಯುವುದು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದರೆ ಅದರ ಮೇಲೆ ಬಳ್ಳಿ, ಮೊಗ್ಗು, ಗಿಣಿ, ನವಿಲು ಬರೆಯುವವಳು ಹೀರಾಬಿ. ಆ ಗೀಟಿನ ಗುಂಟ ಸೂಜಿ ಹಿಡಿದು ಜರಿ, ಮಣಿ ಕೂರಿಸುವವಳು ಮಂಜುಳಾ. ಪೋತ್ನಾಳದ ತುಂಬಿದ ಮೈಯ ಸಾವುಕಾರ್ತಿಗೂ ಮಲ್ಲಟದ ಕಡ್ಡಿಯಂಥ ಹುಡುಗಿಗೂ ಒಂದೇ ಬಳ್ಳಿಯನ್ನು ಅವರವರ ಬೆನ್ನಿಗೆ ತಕ್ಕಂತೆ ಕಣ್ಣಳತೆಯಲ್ಲೇ ಹಿಗ್ಗಿಸಿ, ಕುಗ್ಗಿಸಿ ಬರೆಯುವುದು ಹೀರಾಬಿಗೆ ಮಾತ್ರ ಬರುತ್ತಿತ್ತು. ಕೈ ಬರೆಯುತ್ತಿದ್ದಷ್ಟು ಹೊತ್ತು ಬಾಯಿ ಊರ ಸುದ್ದಿ ಹೇಳುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕೈ ನಡುಗತೊಡಗಿತು. ರಾಯಚೂರಿನ ಡಾಕ್ಟರು ಗುಳಿಗೆ ಕೊಟ್ಟು, ಇನ್ನೂ ಹೆಚ್ಚಾಗದಂತೆ ನೋಡಿಕೊಳ್ಳೋಣ ಅಂದರು, ನಿಲ್ಲುತ್ತದೆ ಅನ್ನಲಿಲ್ಲ. ಒಂದು ಮಧ್ಯಾಹ್ನ ಹೀರಾಬಿಯ ಪೆನ್ಸಿಲ್ಲು ಹಸಿರು ರೇಷ್ಮೆಯ ಮೇಲೆ ದಿಕ್ಕುತಪ್ಪಿ ಓಡಿತು. ಅವಳು ಪೆನ್ಸಿಲ್ಲು ಕೆಳಗಿಟ್ಟಳು. ಹಳೆಯ ಚಿತ್ರಗಳ ಬೆಣ್ಣೆಕಾಗದಗಳನ್ನೆಲ್ಲ ಬಿಸ್ಕಿಟ್ ಡಬ್ಬಿಯಲ್ಲಿ ತುಂಬಿ ಮಂಜುಳಾಳ ಮಡಿಲಲ್ಲಿಟ್ಟಳು.

"ಇಟ್ಕೊ ಯವ್ವಾ. ಇನ್ನ ನಾ ಬಂದು ಏನ್ ಮಾಡ್ಲಿ, ನಿನ್ನ ಬಾಗ್ಲಾ ಕಾಯ್ಲೇನು?"

ಅಂದಿನಿಂದ ಆಕೆ ಬಂದಿಲ್ಲ. ಕರೆಯಲು ಹೋದರೆ ಮೊಣಕಾಲು ನೋವು ಅನ್ನುತ್ತಾಳೆ, ಮೊಮ್ಮಗಳಿಗೆ ಜ್ವರ ಅನ್ನುತ್ತಾಳೆ, ಚಹಾ ಕುಡಿಸಿ ಕಳಿಸುತ್ತಾಳೆ. ಕೋಣೆಯಲ್ಲಿ ಒಬ್ಬಳೇ ಕೂತರೆ ಮಂಜುಳಾಗೆ ಸೂಜಿ ಓಡದು. ಫೋನಿನಲ್ಲಿ ಬೇಕಾದಷ್ಟು ಡಿಸೈನು ಸಿಗುತ್ತದೆ ಅಂತ ಜಗದೀಶ ಅಂದಾಗ ಅವಳು ಒಂದೇ ಮಾತು ಹೇಳಿದ್ದಳು: "ನನಗ ಡಿಸೈನು ಬ್ಯಾಡ್ರಿ, ಆಕಿ ಬೇಕು."

ಅದೇ ವಾರ ದೇವದುರ್ಗದಿಂದ ರೇಣುಕಮ್ಮ ಬಂದಳು, ಹಳೆಯ ಗಿರಾಕಿ, ಜೋರು ಬಾಯಿ, ಅದಕ್ಕೆ ತಕ್ಕ ಮೈ. ನೇರಳೆ ಬಣ್ಣದ ರೇಷ್ಮೆ ಹಾಸಿದಳು. "ಬೆನ್ನ ಮ್ಯಾಲ ಹೀರಾಬಿದು ಜೋಡಿ ಗಿಣಿ ಬೇಕು ನೋಡು. ಫೋನ್‌ನ್ಯಾಗಿಂದು ಹಾಕಿದಿ ಅಂದ್ರ ಬಟ್ಟಿ ತಿರುಗಿ ಒಯ್ತೀನಿ. ನಮ್ಮೂರಾಗ ಎಲ್ಲಾರ ಬೆನ್ನ ಮ್ಯಾಲೂ ಅದ ನವಿಲು ಕುಂತದ." ಮಂಜುಳಾ ಹೂಂ ಅಂದುಬಿಟ್ಟಳು. ಡಬ್ಬಿಯಲ್ಲಿದ್ದ ಜೋಡಿ ಗಿಣಿ ಮಾತ್ರ ಯಾವುದೋ ಸಣಕಲು ಮದುಮಗಳಿಗೆ ಬರೆದದ್ದು, ಅಂಗೈ ಅಗಲದ್ದು.

ರಾಯಚೂರಿಗೆ ಜರಿ ತರಲು ಹೋದಾಗ ತೀನ್ ಕಂದೀಲ್ ಸರ್ಕಲ್ ಹತ್ತಿರ ಮುಚ್ಚಿದ ಕೋಚಿಂಗ್ ಕ್ಲಾಸೊಂದರ ಸಾಮಾನು ಮಾರುತ್ತಿದ್ದರು. ಕುರ್ಚಿಗಳ ನಡುವೆ ಒಂದು ಸಣ್ಣ ಪ್ರೊಜೆಕ್ಟರು. ಹಿಂಡಿ ಚಟ್ನಿಯ ಡಬ್ಬಿಗಿಂತ ತುಸು ದೊಡ್ಡದು. ಮಾರುವವ ಗೋಡೆಯ ಮೇಲೆ ಅದರ ಬೆಳಕು ಬಿಟ್ಟು ತೋರಿಸಿದಾಗ ಮಂಜುಳಾಗೆ ತಟ್ಟನೆ ಹೊಳೆಯಿತು. ಹೀರಾಬಿಯ ಚಿತ್ರದ ಫೋಟೋ ತೆಗೆದು, ಅದನ್ನು ಮೇಲಿನಿಂದ ಬಟ್ಟೆಯ ಮೇಲೆ ಬೀಳಿಸಿ, ಬೇಕಾದಷ್ಟು ದೊಡ್ಡದು ಮಾಡಿದರೆ? ಬೆಳಕಿನ ಗೀಟಿನ ಗುಂಟ ತಾನೇ ಪೆನ್ಸಿಲ್ ಓಡಿಸಿದರೆ? ಖಾಲಾ ಬಂದು ಪಕ್ಕದಲ್ಲಿ ಕೂತರೆ ಸಾಕು.

ಮೇಲಿನಿಂದ ತಲೆಕೆಳಗಾಗಿ ನೇತು ಹಾಕಬೇಕು ಅಂದರೆ ಪೆಟ್ಟಿಗೆ ಬೇಕು. ಬಟ್ಟೆಯ ಧೂಳು, ದಾರದ ಎಳೆ ಒಳಗೆ ಹೋಗಬಾರದು, ಬಿಸಿಗಾಳಿ ಹೊರಗೆ ಹೋಗಬೇಕು. ಬಡಿಗ್ಯಾರ ಪಂಪಾಪತಿಯ ಹತ್ತಿರ ಹೋದಳು. ಅವನ ಮನೆಮುಂದೆ ಅರ್ಧಂಬರ್ಧ ಬಾಗಿಲುಗಳು ಸಾಲಾಗಿ ನಿಂತಿದ್ದವು.

"ತಂಗೀ, ಇವು ಮುಗೀಲಿ. ದೀಪಾವಳಿ ಆದಮ್ಯಾಲ ಬಾ."

"ಗರಗಸಾ ಕೊಡ್ರಿ ಅಣ್ಣಾ, ನಾನ ಮಾಡ್ಕೊಂತೀನಿ."

ಪಂಪಾಪತಿ ಗರಗಸವನ್ನೂ ಅವಳ ಕೈಯನ್ನೂ ಒಂದೊಂದು ಸಲ ನೋಡಿದ. "ಒಯ್ಯಿ. ಹಲಗಿ ಕೊಯ್ಯಿ, ಬೆರಳು ಬಿಡು."

ಆ ಗರಗಸದ ಫಲವೇ ಪ್ರೊಜೆಕ್ಟರು ಹಿಡಿಸದ ಮೊದಲ ಪೆಟ್ಟಿಗೆ. ಎರಡನೆಯದಕ್ಕೆ ಅವಳು ಜಾಣತನ ಮಾಡಿದಳು. ಹೊಲಿಗೆಗೆ ಬಿಡುವ ಹಾಗೆ ಎಲ್ಲ ಹಲಗೆಗೂ ಎಲ್ಲ ಕಡೆಯೂ ಎರಡೆರಡು ಬೆರಳು ಹೆಚ್ಚಿಗೆ ಬಿಟ್ಟಳು. ಬಟ್ಟೆಯಾದರೆ ಆ ಎರಡು ಬೆರಳು ಒಳಗೆ ಮಡಚಿಕೊಂಡು ಮರೆಯಾಗುತ್ತಿತ್ತು. ಹಲಗೆಯ ಎರಡು ಬೆರಳು ಎಲ್ಲಿಗೆ ಹೋಗಬೇಕು? ನಾಲ್ಕೂ ಮೂಲೆಗೆ ಮೊಣಕೈ ಚಾಚಿದಂತೆ ಹೊರಗೆ ನಿಂತವು. ಒಂದು ಹಲಗೆ ಮೊಳೆ ಬಡಿಯುವಾಗ ನಡುವೆ ಸೀಳಿತು. ಇನ್ನೊಂದರಲ್ಲಿ ಗರಗಸ ಸೀಮೆಸುಣ್ಣದ ಗೀಟು ಬಿಟ್ಟು ತನ್ನ ದಾರಿ ಹಿಡಿದು, ಬೆರಳು ತೂರುವಷ್ಟು ಸಂದು ಉಳಿಯಿತು. ಮಂಜುಳಾ ಸಂದಿಗೆ ಬ್ಲೌಸಿನೊಳಗೆ ಹಾಕುವ ಸ್ಪಂಜು ತುರುಕಿದಳು.

ಸಂಜೆ ಬಂದ ಜಗದೀಶ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಪ್ಯಾಡ್ ಬ್ಯಾರೆ ಹಾಕೀದಿ ಇದಕ್ಕ?"

"ನಗಬ್ಯಾಡ್ರಿ. ಸ್ಟೂಲ್ ತಗೊಂಡ್ ಬರ್ರಿ, ಕಟ್ಟೂಣು."

ಕೋಣೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ಮಕ್ಕಳು ದೊಡ್ಡವರಾದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಹಗ್ಗ ಹಾಕಿ ಪೆಟ್ಟಿಗೆಯನ್ನು ಅದಕ್ಕೇ ಕಟ್ಟಿದರು. ಕಿಟಕಿ ಮುಚ್ಚಿ, ಕೆಳಗೆ ನೇರಳೆ ರೇಷ್ಮೆಯ ಚೌಕಟ್ಟಿಟ್ಟು ಸ್ವಿಚ್ಚು ಹಾಕಿದರೆ, ಬಿದ್ದವು ಗಿಣಿ. ಮಂಜುಳಾಳ ಎದೆ ಅರಳಿತು. ಅರಳಿದ್ದು ಫ್ಯಾನ್ ಹಾಕುವ ತನಕ. ಫ್ಯಾನಿನ ಗಾಳಿಗೆ ಪೆಟ್ಟಿಗೆ ತೊಟ್ಟಿಲಿನಂತೆ ತೂಗಿತು. ಬಟ್ಟೆಯ ಮೇಲೆ ಗಿಣಿಗಳು ಜೋಕಾಲಿ ಆಡಿದವು. ಪೆನ್ಸಿಲ್ ಇಟ್ಟಲ್ಲಿ ರೆಕ್ಕೆ ಇರಲಿಲ್ಲ, ಕೊಕ್ಕು ಇತ್ತು.

"ಲಾಲಿ ಹಾಡು, ಮಲಗ್ತಾವು," ಅಂದ ಜಗದೀಶ.

ಫ್ಯಾನ್ ಆರಿಸಿದರೆ ಕುದಿ. ಮೂಗಿನ ತುದಿಯಿಂದ ಬೆವರ ಹನಿ ರೇಷ್ಮೆಯ ಮೇಲೆ ಬಿದ್ದಾಗ ಮಂಜುಳಾ ತನ್ನನ್ನೇ ಬೈದುಕೊಂಡಳು. ಮಾರನೆಯ ದಿನ ಪೆಟ್ಟಿಗೆಯ ನಾಲ್ಕು ಮೊಣಕೈಗೂ ಗಟ್ಟಿ ಬಟ್ಟೆಯ ಪಟ್ಟಿ ಕಟ್ಟಿ ಒಂದನ್ನು ಕಿಟಕಿ ಸರಳಿಗೆ, ಒಂದನ್ನು ಬಾಗಿಲ ಚೌಕಟ್ಟಿನ ಕೊಂಡಿಗೆ, ಉಳಿದೆರಡನ್ನು ಗೋಡೆಗೆ ಮೊಳೆ ಬಡಿದು ಬಿಗಿದಳು. ತೂಗುವುದು ನಿಂತಿತು. ಸೊಟ್ಟಾಗುವುದು ಶುರುವಾಯಿತು. ಕಿಟಕಿಯ ಕಡೆ ಎಳೆದರೆ ಬಾಗಿಲ ಕಡೆ ಏಳುತ್ತಿತ್ತು, ಬಾಗಿಲ ಕಡೆ ಎಳೆದರೆ ಗೋಡೆಯ ಮೊಳೆ ಕಿತ್ತು ಕೈಗೆ ಬರುತ್ತಿತ್ತು. ಮತ್ತೆ ಬಡಿ, ಮತ್ತೆ ಕಟ್ಟು. ಕೊನೆಗೆ ಸುತ್ತಿಗೆಯನ್ನು ಮೂಲೆಗೆಸೆದು ನೆಲದ ಮೇಲೆ ಕುಸಿದಳು. ಅಳು ಬಂದಿದ್ದರೆ ಒಳ್ಳೆಯದಿತ್ತು, ಬರೀ ಸಿಟ್ಟು ಬಂತು.

ಆಗ ಬಾಗಿಲು ಸರಿಯಿತು. ಹೀರಾಬಿ, ಸೆರಗು ತಲೆಯ ಮೇಲೆ, ಮುಖ ಗಂಟು.

"ಏನ್ ನಡ್ಸೀಯವ್ವಾ ಇಲ್ಲಿ? ಉಣ್ಣಾಕ ಕುಂತ್ರ ಟಕ್ ಟಕ್, ನಮಾಜಿಗೆ ಕುಂತ್ರ ಟಕ್ ಟಕ್. ಓಣಿ ಮಂದಿ ನಿನ್ನ ಕೇಳಂಗಿಲ್ಲ, ನನ್ನ ಕೇಳ್ತಾರ."

"ಒಳಗ ಬರ್ರಿ ಖಾಲಾ."

"ನಾ ಕುಂದ್ರಾಕ ಬಂದಿಲ್ಲ. ಬೈಯಾಕ ಬಂದೀನಿ."

"ಬೈಯ್ರಿ. ಕುಂತು ಬೈಯ್ರಿ."

ಹೀರಾಬಿ ಹೊಸ್ತಿಲ ಹತ್ತಿರ ಕೂತಳು. ಮಂಜುಳಾ ಸ್ವಿಚ್ಚು ಹಾಕಿದಳು. ನೇರಳೆ ಬಟ್ಟೆಯ ಮೇಲೆ ಬೆಳಕಿನ ಗೀಟಿನಲ್ಲಿ ಜೋಡಿ ಗಿಣಿ. ಹೀರಾಬಿ ಬಹಳ ಹೊತ್ತು ನೋಡಿದಳು.

"ಇದು ಯಾರದು?"

"ನಿಮ್ಮದ ಖಾಲಾ. ಡಬ್ಬ್ಯಾಗಿಂದು."

"ನಂದಲ್ಲ. ನನ್ನ ಗಿಣಿ ಹಿಂಗ ಇರ್ಲಿಲ್ಲ. ಈ ಕಡಿದು ಗೂಡಿನ್ಯಾಗ ಕುಂತು ತಿಂದು ತಿಂದು ಉಬ್ಬ್ಯದ, ಆ ಕಡಿದು ಉಪಾಸ ಬಿದ್ದದ. ಅವ್ವಾ ಮಗಳಾ ಇವು, ಜೋಡಿ ಏನು?"

ಖರೆ. ಸೊಟ್ಟ ಪೆಟ್ಟಿಗೆಯಿಂದ ಒಂದು ಗಿಣಿ ದಪ್ಪ, ಒಂದು ತೆಳು. ಮಂಜುಳಾಗೆ ಇಷ್ಟು ದಿನದ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿತು. "ಹಂಗಾರ ನನ್ನ ಕೈಲೆ ಆಗಂಗಿಲ್ಲ ಖಾಲಾ. ಕಟ್ಟಿಗಿ ಕೊಯ್ಯಾಕ ಬರಂಗಿಲ್ಲ, ಮೊಳಿ ಬಡಿಯಾಕ ಬರಂಗಿಲ್ಲ, ನಿಮ್ಮನ್ನ ಕರಿಯಾಕೂ ಬರಂಗಿಲ್ಲ ನನಗ. ರೇಣುಕಮ್ಮ ಬಟ್ಟಿ ಒಯ್ಲಿ ಬಿಡ್ರಿ."

ಹೀರಾಬಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೂತಲ್ಲೇ ಸರಿದು ಸರಿದು ಚೌಕಟ್ಟಿನ ಹತ್ತಿರ ಬಂದಿದ್ದಳು. "ನೋಡು, ಇಷ್ಟ ದೊಡ್ಡದು ಮಾಡಿದ್ರ ರೆಕ್ಕಿ ನಡುವ ಬಯಲಾಗ್ಯದ. ನಾ ಆಗಿದ್ರ ಇಲ್ಲಿ ಒಂದು ಸಣ್ಣ ಎಲಿ ಕೂಡಿಸ್ತಿದ್ದೆ. ಹಿಂಗ…" ಅನ್ನುತ್ತ ಬೆರಳು ಚಾಚಿದಳು. ಬೆಳಕಿನಲ್ಲಿ ಬೆರಳಿನ ನೆರಳು ಬಿತ್ತು, ಬಟ್ಟೆಯ ಮೇಲೆ ದೊಡ್ಡದಾಗಿ ನಡುಗಿತು. ಹೀರಾಬಿ ಕೈ ಹಿಂದಕ್ಕೆಳೆದು ಸೆರಗಿನಲ್ಲಿ ಮುಚ್ಚಿಕೊಂಡಳು.

ಮಂಜುಳಾ ನೆಲದಿಂದ ಪೆನ್ಸಿಲ್ಲು ಎತ್ತಿಕೊಂಡು ಚೌಕಟ್ಟಿನ ಮೇಲೆ ಬಾಗಿದಳು.

"ಎಲ್ಲಿ ಕೂಡಿಸ್ಲಿ ಹೇಳ್ರಿ," ಅಂದಳು ಮಂಜುಳಾ. "ಗೀಟು ನಾ ಹೊಡೀತೀನಿ."

"ಬೆರಳು ಮಾಡಿ ತೋರ್ಸಾಕೂ ಬರಂಗಿಲ್ಲಲ್ಲ ನನಗ."

"ಬಾಯಿ ನಡುಗಂಗಿಲ್ಲಲ್ಲ ನಿಮ್ದು. ಓಣಿಗೆಲ್ಲಾ ಗೊತ್ತದ."

ಹೀರಾಬಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ, ಇನ್ನಷ್ಟು ಗಂಟು ಮುಖ ಮಾಡಿಕೊಂಡು ಹೇಳತೊಡಗಿದಳು. "ಕೊಕ್ಕಿನ ಕೆಳಗಿಂದ ಬಾ. ಬಾ, ಬಾ… ಅಷ್ಟಲ್ಲ, ನಿನ್ನ ಗಂಡನ ಹೊಟ್ಟಿ ಬರಿಯಾಕತ್ತಿ ಏನು? ಹಿಂದ ಸರಿ. ಹಾಂ, ಅಲ್ಲಿ ಎಲಿ. ಸಣ್ಣದು. ತುದಿ ಚೂಪು ಮಾಡು." ಮಂಜುಳಾಳ ಪೆನ್ಸಿಲ್ಲು ಹೆದರಿ ಹೆದರಿ ಹೋಯಿತು. ಎಲೆ ಎಲೆಯಂತೆ ಬರಲಿಲ್ಲ. ಅಳಿಸಿದಳು, ಮತ್ತೆ ಬರೆದಳು. ಮೂರನೆಯದು ನೋಡಿ ಹೀರಾಬಿ ಸುಮ್ಮನಾದಳು. ಅಂದರೆ ಅಡ್ಡಿಯಿಲ್ಲ ಅಂತ.

ನಡುವೆ ಕಾದ ಪ್ರೊಜೆಕ್ಟರು ತಾನೇ ಆರಿಹೋಯಿತು. ಕೋಣೆ ಕತ್ತಲಾಯಿತು. ಪೆಟ್ಟಿಗೆಗೆ ಗಾಳಿಯ ತೂತು ಸಾಲದು ಅನ್ನುವುದು ಮಂಜುಳಾಗೆ ಆಗಲೇ ಗೊತ್ತಾಗಿತ್ತು. ಗಾಳಿಯಾಡಬಹುದಾಗಿದ್ದ ಸಂದನ್ನೂ ತಾನೇ ಸ್ಪಂಜಿನಿಂದ ಮುಚ್ಚಿದ್ದಳು, ಅದೂ ಗೊತ್ತಿತ್ತು.

ಹೀರಾಬಿ ಗೋಡೆ ಹಿಡಿದು ಎದ್ದಳು. ಬಾಗಿಲು ತೆರೆದು, ಬೆಳಕಿನಲ್ಲಿ ತಲೆಯೆತ್ತಿ ಪೆಟ್ಟಿಗೆಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ನಾಲ್ಕು ಕಡೆ ಪಟ್ಟಿ, ಸೀಳಿದ ಹಲಗೆ, ಮೂಲೆಯಲ್ಲಿ ಇಣುಕುವ ಸ್ಪಂಜು.

"ಯಾರು ಮಾಡಿದ್ದು ಇದನ್ನ?"

"ನಾನ."

"ಬಿಚ್ಚು. ಎಲ್ಲಾ ಬಿಚ್ಚು. ಹೊಸ್ದಾಗಿ ಮಾಡು. ನನ್ನ ಗಿಣಿ ಹಿಂಗ ಮಾನಗೇಡಿ ಡಬ್ಬ್ಯಾಗಿಂದ ಇಳಿಯಂಗಿಲ್ಲ. ನಾಳಿಗೆ ನಾ ಬರೋದ್ರಾಗ ಎರಡೂ ಒಂದ ಅಳತೀಲೆ ಇರ್ಬೇಕು."

ಅಂದು ಹೋದಳು. ಓಣಿ ತಿರುಗುವ ತನಕ ಗೊಣಗುತ್ತಲೇ ಹೋದಳು.

ಮಂಜುಳಾ ಪೆಟ್ಟಿಗೆಯನ್ನು ನೋಡಿದಳು, ಮೂಲೆಯಲ್ಲಿ ಬಿದ್ದ ಸುತ್ತಿಗೆಯನ್ನು ನೋಡಿದಳು. ಕೈಯಲ್ಲಿ ಗುಳ್ಳೆ ಎದ್ದಿದ್ದವು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಮತ್ತೆ ಮೊದಲಿನಿಂದ ಅಂದರೆ ಮೈಯೆಲ್ಲ ಉರಿಯಿತು. ನಾಳೆ ಬರುತ್ತೇನೆ ಅಂದಿದ್ದಾಳಲ್ಲ ಮುದುಕಿ. ಸ್ಟೂಲು ಎಳೆದುಕೊಂಡು ಮೇಲೆ ಹತ್ತಿ, ಬೈದುಕೊಳ್ಳುತ್ತಲೇ ಮೊದಲ ಗಂಟು ಬಿಚ್ಚಿದಳು. ಈ ಸಲ ಟೇಪು ಹಿಡಿಯುವ ಮೊದಲು ಹಲಗೆಯನ್ನು ನಿಲ್ಲಿಸಿ, ಅದರ ದಪ್ಪವನ್ನು ಬೆರಳಿನಲ್ಲಿ ಹಿಡಿದು ನೋಡಿದಳು.