ಜೋಕಾಲಿಯ ಮರ

ಕೊಡಲಿಯ ಹಿಂಬದಿಯಿಂದ ಟ್ರಾಲಿಯ ಮೇಲಿನ ದಿಮ್ಮಿಯನ್ನು ತಟ್ಟುತ್ತ ಬಂದ ಮೇಸ್ತ್ರಿಗೆ ಕವಲಿನ ಹತ್ತಿರ ಟಣ್ ಎಂದು ಕೇಳಿಸಿತು. ಗರಗಸಕ್ಕೆ ಕೊಡುವ ಮೊದಲು ಹೀಗೆ ತಟ್ಟಿ ನೋಡುವುದು ಮಿಲ್ಲಿನ ಪದ್ಧತಿ. ಒಳಗೊಂದು ಮೊಳೆಯಿದ್ದರೂ ಅಲಗಿನ ಕಥೆ ಮುಗಿದಂತೆಯೇ. ತೊಗಟೆ ಕೆತ್ತಿದ. ಹಗ್ಗದಂತೆ ಹೊಸೆದ ಕಬ್ಬಿಣದ ಬಳೆಯೊಂದು ಕಾಣಿಸಿತು. ಕಬ್ಬಿಣವನ್ನು ಹಾಗೆ ಹೊಸೆಯುತ್ತಿದ್ದವನು ಕಮ್ಮಾರನಾಗಿದ್ದ ಅವನ ಮಾವ ಒಬ್ಬನೇ. ಮೇಸ್ತ್ರಿಯ ಹೆಂಡತಿ ಚಿಕ್ಕವಳಿದ್ದಾಗ ಅವಳ ಜೋಕಾಲಿಗೆಂದು ಅಪ್ಪ ಮರಕ್ಕೆ ಹೊಡೆದ ಬಳೆ ಅದು.

ಮಧ್ಯಾಹ್ನದ ಬುತ್ತಿ ತಂದಾಗಲೆಲ್ಲ ಹೆಂಡತಿ ದಿಮ್ಮಿಗಳನ್ನು ಮೂಸಿ ನೋಡಿ, "ಇದು ನಮ್ಮ ಕಡೇದಾ?" ಎಂದು ಕೇಳುತ್ತಿದ್ದಳು. "ಅಲ್ಲ ಕಣೇ, ಹೊಳೆ ಆಚೇದು," ಎನ್ನುತ್ತಿದ್ದ. ಹೊಳೆಯಾಚೆ ಬೋಳಾಗಿ ಎಷ್ಟೋ ಕಾಲವಾಗಿತ್ತು. ನಿಜ ಹೇಳಿದರೆ ಈ ದುಡಿಮೆಯ ತುತ್ತು ಅವಳ ಗಂಟಲಲ್ಲಿ ಇಳಿಯಲಿಕ್ಕಿಲ್ಲ ಎಂಬ ಭಯ ಅವನಿಗೆ. ಈಗಂತೂ ಅವಳು ಮೊಮ್ಮಗಳನ್ನು ತವರಿಗೆ ಕರೆದೊಯ್ದು ಅದೇ ಮರದಲ್ಲಿ ತೂಗಬೇಕೆಂದು ಹೊಸ ಹಗ್ಗ ತಂದಿಟ್ಟುಕೊಂಡಿದ್ದಳು.

ಮಿಲ್ಲಿನೊಳಗೆ ಮರದ ಹೊಟ್ಟು ಬಿಸಿಲಿಗೆ ಹೊಳೆಯುತ್ತ ಮಂಜಿನಂತೆ ತೇಲುತ್ತಿತ್ತು. ಅದರೊಳಗಿಂದ ಬುತ್ತಿ ಹಿಡಿದು ಅವಳು ಬಂದಳು. ಬಳೆಯ ಮೇಲೆ ಹೊಟ್ಟು ಎಳೆಯಲು ಚಾಚಿದ ಅವನ ಕೈ ಹಾಗೇ ನಿಂತಿತು. ಸುಳ್ಳು ಹೇಳಿ ಹೇಳಿ ಅವನಿಗೂ ಸಾಕಾಗಿತ್ತು.

"ನಿಮ್ಮ ಕಡೇದು ಕಣೇ," ಎಂದ. "ಇದೊಂದೇ ಅಲ್ಲ. ಇಷ್ಟು ವರ್ಷ ಬಂದಿದ್ದೆಲ್ಲಾ."

ಅವಳು ಬಳೆ ಮುಟ್ಟಿದಳು.

"ನಾನು ಹುಟ್ಟೋವಾಗ ಅಮ್ಮನ್ನ ಮಂಚದ ಮೇಲೆ ಹೊತ್ಕೊಂಡು ಹೋದ್ರಂತೆ, ದಾರಿ ಇರ್ಲಿಲ್ಲ," ಎಂದಳು. "ಆಮೇಲೆ ಅಪ್ಪನೇ ಮುಂದೆ ನಿಂತು ರಸ್ತೆ ಮಾಡ್ಸಿದ್ದು. ಡಾಕ್ಟ್ರು ಬಂದ್ರು, ಬಸ್ಸು ಬಂತು. ಬಸ್ಸಲ್ಲಿ ನೀವು ಬಂದ್ರಿ, ಹೆಣ್ಣು ನೋಡೋಕೆ. ಹಿಂದೇನೇ ಲಾರಿ. ಮರ ಹೋಗಿ ಹೊಲ ಆಯ್ತು, ಹೊಲ ಹೋಗಿ ಸೈಟು. ಯಾರನ್ನ ಬೈಯೋದು ಹೇಳಿ?"

ಅವನು ಕೊಡಲಿಯನ್ನು ಕೆಳಗಿಟ್ಟ.

"ಮೂಸಿದಾಗ್ಲೇ ಗೊತ್ತಾಗ್ತಿತ್ತು ನಂಗೆ. ನೀವು ಅಲ್ಲ ಅಂದ್ರೆ ಆ ದಿನಕ್ಕೆ ಸಾಕಾಗ್ತಿತ್ತು."

ಮೇಸ್ತ್ರಿಗೆ ಅಳು ಬಂತು. ಅವಳು ಬುತ್ತಿ ಕೆಳಗಿಟ್ಟು, ಟ್ರಾಲಿ ಹತ್ತಿ, ದಿಮ್ಮಿಯ ಮೇಲೆ ಕಾಲು ಇಳಿಬಿಟ್ಟು ಕೂತಳು.

"ತಳ್ಳಿ," ಎಂದಳು.

ಹಳಿಗಳ ಮೇಲೆ ಟ್ರಾಲಿಯನ್ನು ಅವನು ಮೆಲ್ಲಗೆ ತಳ್ಳಿದ. ಸ್ತಬ್ಧವಾಗಿದ್ದ ಅಲಗಿನ ಹತ್ತಿರದವರೆಗೆ ಹೋಗಿದ್ದೇ ಹಿಂದಕ್ಕೆ ಎಳೆದುಕೊಂಡ. ಮತ್ತೆ ತಳ್ಳಿದ.

"ಯಾಕಯ್ಯಾ, ಮಿಷನ್ ಇನ್ನೂ ಶುರು ಆಗಿಲ್ಲ?" ಆಫೀಸಿನಿಂದ ಸಾಹುಕಾರ ಕೂಗಿದ.

"ಇನ್ನೂ ಸ್ವಲ್ಪ ಜೋರಾಗಿ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.